ಇಟಗಿಯ ‘ದೇವಾಲಯ ಚಕ್ರವರ್ತಿ’

ಹಾಲೆಂಡಿನ ಲೇಡನ್, ಡೆಲ್ಫ್ಟ್ ಮೊದಲಾದ ಹಳೆಯ ಪಟ್ಟಣಗಳಲ್ಲಿ ಕಾಲುವೆಯ ದಡವನ್ನು ಹಿಡಿದು ನಡೆಯುವ ಪ್ರೇಕ್ಷಕನಿಗೆ ಮನೆ, ಪೇಟೆ, ಇಗರ್ಜಿಗಳು ಒಂದೆಡೆಯಲ್ಲಿಯೇ ಕಾಣಸಿಗುವುವು. ಯಲಬುರ್ಗೆಯ ಸಂಗತಿಯು ಬೇರೆ. ಶಾಸನಗಳಲ್ಲಿ ಎರಂಬರಗೆಯೆಂದು ಹೆಸರಾಂತು ಸಿಂದರ ರಾಜಧಾನಿಯಾಗಿದ್ದ ಈ ಊರಿನ ಹಳಮೆಯನ್ನರಸುವವರು, ಹಿಂದೆ ಇದೇ ತಾಲೂಕಿಗೆ ಸೇರಿದ್ದ ಕುಕನೂರು ಇಟಗಿಗಳಿಗೂ ಹೋಗಬೇಕು.

ಯಾತ್ರಿಕರಲ್ಲಿ ಹಲವರು ನೇರವಾಗಿ ಇಟಗಿಗೆ ಬಂದು, ಮಹಾದೇವಾಲಯವನ್ನು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿ, ಹಂಪೆಗೆ ತೆರಳುವರು. ಈ ಕ್ರಮವು ಆ ಬಿರುದಿನ ಅರ್ಥಕ್ಕೇ ಒಪ್ಪುವಂತಹುದಲ್ಲ. ದೇವಾಲಯಗಳಲ್ಲಿ ಚಕ್ರವರ್ತಿಯೆಂಬುದು ನಿರ್ಧಾರಣ. ಎಂದರೆ, ಸಮುದಾಯದಿಂದ ಒಂದನ್ನು ಗುಣಾದಿಗಳಿಂದ ಬೇರ್ಪಡಿಸಿ ಹೇಳುವುದು. ಈ ಅರ್ಥದಲ್ಲಿ ಷಷ್ಠೀಸಮಾಸವನ್ನು ಪಾಣಿನಿಯು ನಿಷೇಧಿಸಿರುವುದರಿಂದ ಸಪ್ತಮೀ ತತ್ಪುರುಷವೆಂದೇ ಗ್ರಹಿಸಬೇಕು. ಸಮುದಾಯವನ್ನು ಕಾಣದವನಿಗೆ ನಿರ್ಧಾರಣವೆಲ್ಲಿಯದು?

ಆದುದರಿಂದ ಮೊದಲು ನೋಡತಕ್ಕುದು ಕುಕನೂರು. ಅಲ್ಲಿಯ ನವಲಿಂಗ ದೇವಾಲಯವು 9ನೆಯ ಶತಮಾನದ್ದು. ಅಮೋಘವರ್ಷ ನೃಪತುಂಗನ ಅಥವಾ ಆತನ ಮಗ ಇಮ್ಮಡಿ ಕೃಷ್ಣನ ಕಾಲಕ್ಕೆ ಸಲ್ಲುವುದು. ತಿರುಳ್ಗನ್ನಡದ ನೆಲೆಗಳೆಂದು ಕವಿರಾಜಮಾರ್ಗವು ಹೇಳುವ ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದಗಳಲ್ಲಿ ಕೊಪಣ ಪುಲಿಗೆರೆಗಳ ನಡುವಣ ಸೀಮೆಯೇ ಇದು. ಆ ಗ್ರಂಥವನ್ನು ಪಾಠಹೇಳುವ ಉಪಾಧ್ಯಾಯರು, ಅದೇ ಯುಗದ ಕಲ್ಗೆಲಸವು ಅದೇ ಸೀಮೆಯಲ್ಲಿ ಇಂದಿಗೂ ನಿಂತಿರುವುದನ್ನು ವಿದ್ಯಾರ್ಥಿಗಳಿಗೆ ತೋರಿಸದಿರುವುದು ಲೋಪವೇ ಸರಿ. ಊರಿನ ಕಲ್ಲೇಶ್ವರ ದೇವಾಲಯವು ಅದಕ್ಕಿಂತ ಈಚಿನದು. ರಾಷ್ಟ್ರಕೂಟ ಶೈಲಿಯಿಂದ ಕಲ್ಯಾಣ ಚಾಲುಕ್ಯ ಶೈಲಿಗೆ ಹೊರಳುವ ಹಂತವನ್ನು ಅದರಲ್ಲಿ ಕಾಣಬಹುದು.

ಇವೆರಡನ್ನೂ ಕಂಡು ಇಟಗಿಗೆ ಬಂದವನಿಗೆ ಶಿಲ್ಪಿಯು ಸಾಧಿಸಿದುದೇನೆಂಬುದು ತಾನೇ ವಿದಿತವಾಗುವುದು. ಈ ಗುಡಿಯನ್ನು 1112ರಲ್ಲಿ ಕಟ್ಟಿಸಿದವನು ಅರಸನಲ್ಲ, ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವ. ಕಲ್ಲು ಬಳಪದ ಕಲ್ಲು, ಉಳಿಗೆ ಮಣಿಯುವಂತಹುದು. ಕಡೆದು ತಿರುವಿದ ಕಂಬಗಳ ನುಣುಪು, ನಡುಮಂಟಪದ ಮಾಡಿನಲ್ಲಿ ಹೆಣೆದುಕೊಂಡಿರುವ ಬಳ್ಳಿ, ಭಿತ್ತಿಯ ಮೇಲಣ ಕಿರುಶಿಖರಗಳು, ಇವೆಲ್ಲಕ್ಕೂ ಆ ಮೃದುತ್ವವೇ ಅವಕಾಶವಿತ್ತಿತು. ಆದರೆ ಅವಕಾಶವು ದೊರೆತ ಮಾತ್ರಕ್ಕೆ ಔಚಿತ್ಯವು ಬರಲಾರದು. ಇಷ್ಟೊಂದು ಕೆತ್ತನೆಯಿದ್ದೂ ಗುಡಿಯ ಒಟ್ಟು ಆಕಾರವು ಕಣ್ಣಿಗೆ ಮರೆಯಾಗದಿರುವುದೇ ಇಲ್ಲಿಯ ಹೆಚ್ಚಳ; ಬಿರುದು ಸಾರ್ಥಕವಾದುದು ಇದರಿಂದಲೇ ಹೊರತು ಅಲಂಕಾರದ ಬಾಹುಳ್ಯದಿಂದಲ್ಲ. ಶಿಖರದ ತುದಿಯ ಕಳಸವು ಈಗ ಇಲ್ಲ.

ಚಕ್ರವರ್ತಿಯೆಂದಮೇಲೆ ಸಾಮಂತರಿರಬೇಕಷ್ಟೆ. ಪ್ರಧಾನ ಗುಡಿಯನ್ನು ಸುತ್ತುವರಿದು ಕಿರುಗುಡಿಗಳಿದ್ದುವು. ತನ್ನ ತಂದೆತಾಯಿಗಳ ಸ್ಮರಣಾರ್ಥವಾಗಿಯೂ ದಂಡನಾಯಕನು ಇಲ್ಲಿ ಗುಡಿಗಳನ್ನೆತ್ತಿಸಿದನು.