ಕೆನೆಮಾದ ‘ನೆಗೆಟಿವ್’ ಮಾದರಿಗಳು: ಎಬೋಲಾ ನಂತರದ ಪ್ರಯೋಗಾಲಯ ಚರ್ಚೆಗೆ ಒಂದು ತಕರಾರು

2015ರ ಏಪ್ರಿಲ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬಂದ ಒಂದು ಕಿರುಲೇಖನ ಆ ಬಳಿಕದ ಚರ್ಚೆಯ ದಿಕ್ಕನ್ನೇ ತಿದ್ದಿತು. ಬರೆದವರು ಲೈಬೀರಿಯಾದ ಹಿರಿಯ ವೈದ್ಯಾಧಿಕಾರಿ ಬರ್ನಿಸ್ ಡಾನ್, ಅವರ ಸಹೋದ್ಯೋಗಿ ವೆರಾ ಮುಸ್ಸಾ ಮತ್ತು ಕ್ಯಾಮರಾನ್ ನಟ್. ಲೈಬೀರಿಯಾದ ಜನರ ರಕ್ತದಲ್ಲಿ ಎಬೋಲಾ ಪ್ರತಿಕಾಯಗಳಿವೆ, ಆ ದೇಶವನ್ನೂ ಎಬೋಲಾ ಸೀಮೆಗೆ ಸೇರಿಸಬೇಕು ಎಂದು ಐರೋಪ್ಯ ಸಂಶೋಧಕರು 1982ರಲ್ಲೇ ಪ್ರಕಟಿಸಿದ್ದರು. ಆ ಪ್ರಬಂಧದಲ್ಲಿ ಲೈಬೀರಿಯಾದ ಲೇಖಕರು ಯಾರೂ ಇರಲಿಲ್ಲ. ಅದನ್ನು ಓದಬೇಕಾದ ವೈದ್ಯರಿಗೆ ಅದು ತಲುಪಲಿಲ್ಲ. 2015ರಲ್ಲೂ ಅಂಥ ಪ್ರಬಂಧವನ್ನು ಇಳಿಸಿಕೊಳ್ಳಬೇಕಾದರೆ ಅಲ್ಲಿನ ವೈದ್ಯರ ಸಂಬಳಕ್ಕೆ ಭಾರವೆನಿಸುವಷ್ಟು ಹಣ ತೆರಬೇಕಿತ್ತು. ಎಚ್ಚರಿಕೆ ಇತ್ತು, ಕೇಳಬೇಕಾದವರ ಕಿವಿಗೆ ಬೀಳಲಿಲ್ಲ ಎಂಬುದು ಅವರ ವಾದದ ಸಾರ.

ಈ ದೂರಿನ ನೈತಿಕ ತೂಕವನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಓದಿದ್ದರೆ ಪರಿಣಾಮ ಬೇರೆಯಾಗುತ್ತಿತ್ತು ಎಂಬ ಒಳಗಿನ ನಂಬಿಕೆಯನ್ನು ಪಕ್ಕದ ದೇಶದ ಒಂದು ದಾಖಲೆ ಸಡಿಲಗೊಳಿಸುತ್ತದೆ. ಈ ಲೇಖನ ಆ ದಾಖಲೆಯನ್ನು ಕುರಿತದ್ದು.

ಹಿನ್ನೆಲೆಯ ಬಗ್ಗೆ ಹೆಚ್ಚು ವಿವಾದವಿಲ್ಲ. 2013ರ ಡಿಸೆಂಬರ್‌ನಲ್ಲಿ ಗಿನಿ ದೇಶದ ಗೆಕೆಡು ಸೀಮೆಯ ಮೆಲಿಯಾಂಡು ಹಳ್ಳಿಯಲ್ಲಿ ಶುರುವಾದ ರೋಗದ ಹೆಸರು ತಿಳಿದದ್ದು 2014ರ ಮಾರ್ಚ್ ಮೂರನೇ ವಾರದಲ್ಲಿ. ಅದೂ ರಕ್ತದ ಮಾದರಿಗಳು ಫ್ರಾನ್ಸಿನ ಲಿಯಾನ್‌ಗೂ ಜರ್ಮನಿಯ ಹ್ಯಾಂಬರ್ಗ್‌ಗೂ ಹೋದ ಮೇಲೆ. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಈ ಮೂರು ದೇಶಗಳಲ್ಲಿ 28,600ಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿತು, 11,300ಕ್ಕೂ ಹೆಚ್ಚು ಮಂದಿ ಸತ್ತರು. ಸ್ಥಳೀಯ ಪ್ರಯೋಗಾಲಯಗಳು ದುರ್ಬಲವಾಗಿದ್ದವು, ಬಲಪಡಿಸಬೇಕು ಎಂಬಲ್ಲಿ ಎಲ್ಲರದೂ ಒಂದೇ ಮಾತು. ಭಿನ್ನಾಭಿಪ್ರಾಯ ಹುಟ್ಟುವುದು ಕೊರತೆ ಯಾವುದರದು ಎಂದು ಕೇಳಿದಾಗ.

ಈಗ ಕೆನೆಮಾಕ್ಕೆ ಬರೋಣ. ಸಿಯೆರಾ ಲಿಯೋನ್‌ನ ಪೂರ್ವಕ್ಕಿರುವ ಈ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಲಾಸಾ ಜ್ವರಕ್ಕೆಂದೇ ಮೀಸಲಾದ ಪ್ರಯೋಗಾಲಯವಿದೆ. ಇಲಿಯಿಂದ ಹರಡುವ ಲಾಸಾ ಅಲ್ಲಿ ವರ್ಷವಿಡೀ ಕಾಡುವ ರೋಗ. ಅಲ್ಲಿನ ಲಾಸಾ ವಿಭಾಗವನ್ನು ಕಟ್ಟಿದ ಡಾ. ಅನಿರು ಕಾಂಟೆ 2004ರಲ್ಲಿ ಲಾಸಾದಿಂದಲೇ ತೀರಿಕೊಂಡರು. ಅವರ ಜಾಗಕ್ಕೆ ಬಂದವರು ಡಾ. ಶೇಖ್ ಹುಮರ್ ಖಾನ್. ವರ್ಷಕ್ಕೆ ಸುಮಾರು 500ರಿಂದ 700 ಮಾದರಿಗಳು ಈ ಪ್ರಯೋಗಾಲಯಕ್ಕೆ ಬರುತ್ತಿದ್ದವು. ಅವುಗಳಲ್ಲಿ ಲಾಸಾ ಎಂದು ಖಚಿತವಾಗುತ್ತಿದ್ದದ್ದು ನೂರಕ್ಕೆ 30ರಿಂದ 40 ಮಾತ್ರ. ಉಳಿದವು ರಿಜಿಸ್ಟರಿನಲ್ಲಿ ‘ನೆಗೆಟಿವ್’. ಹಾಗೆಂದು ಆ ರೋಗಿಗಳಿಗೆ ಏನೂ ಆಗಿರಲಿಲ್ಲ ಎಂದಲ್ಲ, ಅವರ ರೋಗಕ್ಕೆ ಹೆಸರಿರಲಿಲ್ಲ ಅಷ್ಟೆ.

2006ರ ಅಕ್ಟೋಬರ್‌ನಿಂದ 2008ರ ಅಕ್ಟೋಬರ್‌ವರೆಗಿನ ಇಂಥ ನೆಗೆಟಿವ್ ಮಾದರಿಗಳನ್ನು ಅಮೆರಿಕದ ಸೈನ್ಯದ ವೈದ್ಯಕೀಯ ಸಂಶೋಧನಾ ಸಂಸ್ಥೆಯ ರ್‍ಯಾಂಡಲ್ ಶೋಪ್ ಮತ್ತು ಸಂಗಡಿಗರು ಬೇರೆ ವೈರಸ್‌ಗಳಿಗಾಗಿ ಎಲಿಸಾ ಪರೀಕ್ಷೆಗೆ ಒಡ್ಡಿದರು. ಸುಮಾರು ಕಾಲುಭಾಗದಲ್ಲಿ ಯಾವುದಾದರೊಂದು ವೈರಸ್ಸಿನ ಇತ್ತೀಚಿನ ಸೋಂಕನ್ನು ಸೂಚಿಸುವ ಐಜಿಎಂ ಪ್ರತಿಕಾಯ ಸಿಕ್ಕಿತು. ಎಬೋಲಾ ಪ್ರತಿಕಾಯವಂತೂ ನೂರಕ್ಕೆ ಎಂಟರ ಮೇಲೆ. ಪ್ರಬಂಧ ಪ್ರಕಟವಾದದ್ದು 2014ರ ಜುಲೈಯಲ್ಲಿ. ಕೆನೆಮಾದಲ್ಲಿ ಎಬೋಲಾದ ಮೊದಲ ಪ್ರಕರಣ ಖಚಿತವಾದದ್ದು ಅದೇ ವರ್ಷದ ಮೇ 25ರಂದು.

ಡಾನ್ ಮತ್ತು ಸಂಗಡಿಗರು ಎತ್ತಿದ ಎರಡೂ ಆಕ್ಷೇಪಗಳನ್ನು ಈ ಪ್ರಬಂಧದ ಮುಂದಿಟ್ಟು ನೋಡಿ. ಪ್ರಕಟಿಸಿದ ಪತ್ರಿಕೆ ಯಾರು ಬೇಕಾದರೂ ಪುಕ್ಕಟೆ ಓದಬಹುದಾದದ್ದು. ಲೇಖಕರಲ್ಲಿ ಖಾನ್ ಇದ್ದಾರೆ, ಅದೇ ಪ್ರಯೋಗಾಲಯದ ಅಗಸ್ಟಿನ್ ಗೋಬಾ ಇದ್ದಾರೆ. ಹಣದ ಗೋಡೆಯೂ ಇಲ್ಲ, ಸ್ಥಳೀಯರನ್ನು ಹೊರಗಿಟ್ಟದ್ದೂ ಇಲ್ಲ. ಆದರೂ ರಕ್ತ ತೆಗೆದ ದಿನಕ್ಕೂ ಉತ್ತರ ಅಚ್ಚಾದ ದಿನಕ್ಕೂ ನಡುವೆ ಸುಮಾರು ಆರರಿಂದ ಎಂಟು ವರ್ಷ ಕಳೆಯಿತು. ತಡವಾದದ್ದು ಓದಿನ ದಾರಿಯಲ್ಲಿ ಅಲ್ಲ, ಅದಕ್ಕೂ ಮೊದಲು, ಪರೀಕ್ಷೆಯ ದಾರಿಯಲ್ಲಿ. ಲಾಸಾ ಅಲ್ಲದ ಜ್ವರ ಯಾವುದು ಎಂದು ಅದೇ ವಾರ ಕೆನೆಮಾದ ಮೇಜಿನ ಮೇಲೆಯೇ ಕೇಳುವ ಪದ್ಧತಿ ಇರಲಿಲ್ಲ.

ಇಲ್ಲಿಂದ ನನ್ನ ಮುಖ್ಯ ಹೇಳಿಕೆಗೆ ಬರುತ್ತೇನೆ, ಅಳುಕಿನಿಂದಲೇ. ಪ್ರಯೋಗಾಲಯವನ್ನು ಸಿದ್ಧವಾಗಿಡುವುದು ಓದಿದ ಎಚ್ಚರಿಕೆಯಲ್ಲ, ಕೊಡುಗೆಯಾಗಿ ಬಂದ ಯಂತ್ರವೂ ಅಲ್ಲ. ಸಾಂಕ್ರಾಮಿಕ ಇಲ್ಲದ ಕಾಲದಲ್ಲೂ ದಿನನಿತ್ಯ ಬರುವ ಮಾದರಿಗಳು ಅದನ್ನು ಸಿದ್ಧವಾಗಿಡುತ್ತವೆ. ಗೆಕೆಡುವಿನ ಮಾದರಿಗಳು ಯುರೋಪಿಗೆ ಹೋದವು, ಕೆನೆಮಾದ್ದು ಕೆನೆಮಾದಲ್ಲೇ ಪಾಸಿಟಿವ್ ಎಂದು ತಿಳಿಯಿತು. ಗಿನಿಯ ಸುದ್ದಿ ಬಂದ ಮೇಲೆ ಎಬೋಲಾ ಪರೀಕ್ಷೆಯ ಸಾಮಗ್ರಿಯನ್ನು ಹೊರಗಿನವರೇ ಕೊಟ್ಟರು, ನಿಜ. ಆದರೆ ಅದನ್ನು ಕೆಲವೇ ವಾರಗಳಲ್ಲಿ ಬಳಕೆಗೆ ತಂದ ಕೈಗಳು ಅಪಾಯದ ರಕ್ತವನ್ನು ಲಾಸಾದಿಂದಾಗಿ ವರ್ಷಗಳಿಂದ ಮುಟ್ಟಿ ಪಳಗಿದ್ದವು. ವಾರ್ಷಿಕ ನಿರ್ವಹಣಾ ಒಪ್ಪಂದ (ಎಎಂಸಿ) ಮುಗಿದು ಮೂಲೆ ಸೇರಿದ ಯಂತ್ರವನ್ನು ಯಾವುದೇ ಜಿಲ್ಲಾ ಆಸ್ಪತ್ರೆಯಲ್ಲಿ ಕಂಡವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಹೇಳಿಕೆಯ ಮಿತಿಗಳನ್ನು ನಾನೇ ಹೇಳಿಬಿಡುವುದು ಮೇಲು. ಐಜಿಎಂ ಪರೀಕ್ಷೆ ತಪ್ಪು ಪಾಸಿಟಿವ್ ಕೊಡಬಲ್ಲದು. 1982ರ ಅಧ್ಯಯನ ಬಳಸಿದ ಪ್ರತಿದೀಪ್ತಿ ವಿಧಾನ ಇನ್ನೂ ಹೆಚ್ಚು. ಆದ್ದರಿಂದ 2008ಕ್ಕೆ ಮುಂಚೆಯೇ ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಹರಡಿತ್ತು ಎಂದು ನಾನು ವಾದಿಸುತ್ತಿಲ್ಲ. ಎರಡನೆಯದಾಗಿ, ಕೆನೆಮಾ ಪತ್ತೆ ಮಾಡಿತೇ ಹೊರತು ತಡೆಯಲಿಲ್ಲ. ಮೇ 25ಕ್ಕೆ ಮುಂಚೆಯೇ ರೋಗ ಗಡಿ ದಾಟಿ ಕೈಲಾಹುನ್ ಜಿಲ್ಲೆಯೊಳಗೆ ಬಂದಿತ್ತು. ಜುಲೈ 29ರಂದು ಖಾನ್ ಎಬೋಲಾದಿಂದಲೇ ಸತ್ತರು, ಆಸ್ಪತ್ರೆಯ ಹಲವು ನರ್ಸ್‌ಗಳೂ ಸತ್ತರು. ಮೂರನೆಯ ತೊಡಕು ಇನ್ನೂ ಬಿಗಿಯಾದದ್ದು. 2008ರ ಮಾಪುಟೊ ಘೋಷಣೆಯಿಂದೀಚೆಗೆ ಆಫ್ರಿಕಾದ ಪ್ರಯೋಗಾಲಯ ನೀತಿ ಒಂದೊಂದು ರೋಗಕ್ಕೆ ಒಂದೊಂದು ಪ್ರಯೋಗಾಲಯ ಬೇಡ, ಎಲ್ಲವನ್ನೂ ಒಗ್ಗೂಡಿಸಿ ಎನ್ನುತ್ತಿದೆ. ಕೆನೆಮಾದ್ದು ಅದಕ್ಕೆ ತದ್ವಿರುದ್ಧ, ಒಂದೇ ರೋಗದ ಪ್ರಯೋಗಾಲಯ. ಅದರ ಶಕ್ತಿಯೂ ಕುರುಡೂ ಒಂದೇ ಬೇರಿನವು ಎಂದು ನನ್ನ ಅನಿಸಿಕೆ: ಲಾಸಾ ಅದನ್ನು ಜೀವಂತವಾಗಿಟ್ಟಿತು, ಲಾಸಾವೇ ಅದರ ಪ್ರಶ್ನೆಯನ್ನೂ ಕಿರಿದಾಗಿಸಿತು.

2021ರ ಗಿನಿ ಈ ವಾದಕ್ಕೆ ಪರವಾಗಿಯೂ ಇದೆ, ಎದುರಾಗಿಯೂ ಇದೆ. ಆಗಸ್ಟ್ 2ರಂದು ಗೆಕೆಡು ಸೀಮೆಯಲ್ಲಿ ಒಬ್ಬ ರೋಗಿ ತೀರಿಕೊಂಡ. ಮರುದಿನವೇ ಗೆಕೆಡುವಿನ ರಕ್ತಸ್ರಾವಿ ಜ್ವರಗಳ ಪ್ರಯೋಗಾಲಯ ಅದು ಎಬೋಲಾ ಅಲ್ಲ, ಮಾರ್ಬರ್ಗ್ ಎಂದಿತು. ಪಶ್ಚಿಮ ಆಫ್ರಿಕಾದಲ್ಲಿ ಮಾರ್ಬರ್ಗ್ ಕಂಡದ್ದು ಅದೇ ಮೊದಲು. ಅದಕ್ಕೂ ಏಳು ವರ್ಷ ಹಿಂದೆ ಅದೇ ಸೀಮೆಗೆ ಉತ್ತರ ಸಿಗಲು ಮೂರು ತಿಂಗಳು ಬೇಕಾಗಿತ್ತು. ಆದರೆ 2021ರ ಆರಂಭದಲ್ಲಿ ನ್ಜೆರೆಕೊರೆ ಪ್ರಾಂತ್ಯದಲ್ಲಿ ಎಬೋಲಾ ಮರಳಿದಾಗ ಇದೇ ಪ್ರಯೋಗಾಲಯ ಹತ್ತಿರದಲ್ಲೇ ಇತ್ತು. ಜನವರಿ ಕೊನೆಯಲ್ಲಿ ಒಬ್ಬ ನರ್ಸ್ ಸತ್ತರು. ಅಂತ್ಯಸಂಸ್ಕಾರಕ್ಕೆ ಹೋದವರು ಮಲಗಿದರು. ಘೋಷಣೆ ಬಂದದ್ದು ಫೆಬ್ರುವರಿ 14ಕ್ಕೆ. ಸಂಶಯ ಬಾರದ ರೋಗಿಯ ರಕ್ತ ಪ್ರಯೋಗಾಲಯದ ಬಾಗಿಲಿಗೆ ಬರುವುದೇ ಇಲ್ಲ.

ಕನ್ನಡದ ಓದುಗರಿಗೆ ಇದು ದೂರದ ಕಥೆಯಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ವೈರಸ್ಸನ್ನು ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ, ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಶುರುವಾದದ್ದು. ಈಗ ಶಿವಮೊಗ್ಗದಲ್ಲೇ ವೈರಸ್ ಪತ್ತೆ ಪ್ರಯೋಗಾಲಯವಿದೆ, ಕ್ಯಾಸನೂರಿನ ಅದೇ ವೈರಸ್ಸಿನ ಮಂಗನ ಕಾಯಿಲೆ ಅದಕ್ಕೆ ಪ್ರತಿ ಬೇಸಿಗೆ ಕೆಲಸ ಕೊಡುತ್ತದೆ. ಕೆನೆಮಾಕ್ಕೆ ಲಾಸಾ ಇದ್ದಂತೆ ಶಿವಮೊಗ್ಗಕ್ಕೆ ಇದು ಎನ್ನುವಷ್ಟು ಹೋಲಿಕೆಯನ್ನು ಎಳೆಯಬಹುದು. ಅದಕ್ಕಿಂತ ಮುಂದಕ್ಕೆ ಎಳೆಯಲು ಎರಡೂ ಕಡೆಯ ನೆಗೆಟಿವ್ ರಿಜಿಸ್ಟರುಗಳನ್ನು ಪಕ್ಕಪಕ್ಕ ಇಟ್ಟು ಓದಬೇಕಾದೀತು.

ಬಿಡಿಸಲಾಗದೆ ಉಳಿದದ್ದು ಖರ್ಚಿನ ಪ್ರಶ್ನೆ. ಪಾಸಿಟಿವ್ ಬಂದ ಮಾದರಿಗೆ ಬಜೆಟ್ಟಿನಲ್ಲಿ ಒಂದು ಶೀರ್ಷಿಕೆ ಇದೆ. ಕಾಡಂಚಿನ ಆಸ್ಪತ್ರೆಯಿಂದ ಬಂದು, ಕೇಳಿದ ರೋಗ ಇಲ್ಲ ಎನಿಸಿಕೊಂಡ ರಕ್ತವನ್ನು ಎರಡನೇ, ಮೂರನೇ ಕಿಟ್‌ಗೆ ಒಡ್ಡುವ ಇಂಡೆಂಟಿಗೆ ಯಾರ ಸಹಿ ಬೀಳಬೇಕು, ಎಷ್ಟು ಮಾದರಿಗೆ ಒಂದರಂತೆ ಆರಿಸಿಕೊಂಡರೆ ಸಾಕು, ಉಳಿದ ಸೀರಂ ಎಷ್ಟು ವರ್ಷ ಯಾರ ಫ್ರೀಜರಿನಲ್ಲಿ ಇರಬೇಕು ಎಂಬುದಕ್ಕೆ ಕೆನೆಮಾದ ದಾಖಲೆ ಉತ್ತರ ಕೊಡುವುದಿಲ್ಲ.