ಸಂತ ಲಾರೆನ್ಸ್: ಬಡವರನ್ನೇ ಭಂಡಾರವೆಂದು ತೋರಿಸಿದ ರಕ್ತಸಾಕ್ಷಿ

ಆಗಸ್ಟ್ 10 ಸಂತ ಲಾರೆನ್ಸರ ಹಬ್ಬ. ಕಾರ್ಕಳದ ಅತ್ತೂರಿನಲ್ಲಿ ಪ್ರತಿ ಜನವರಿಯಲ್ಲಿ ನಡೆಯುವ ಸಾಂತ್‌ಮಾರಿಯಿಂದಾಗಿ ಕರಾವಳಿಯ ಕ್ರೈಸ್ತರಿಗೆ ಮಾತ್ರವಲ್ಲ, ಇತರ ಧರ್ಮಗಳ ಬಂಧುಗಳಿಗೂ ಇವರ ಹೆಸರು ಚಿರಪರಿಚಿತ. ಅತ್ತೂರಿನ ಇಗರ್ಜಿಗೆ 2016ರಲ್ಲಿ ಮೈನರ್ ಬಸಿಲಿಕಾ ಪದವಿ ದೊರಕಿತು. ಅಲ್ಲಿ ಮೇಣದಬತ್ತಿ ಹಚ್ಚಿ ಹರಕೆ ಒಪ್ಪಿಸುವ ನಾವು, ಈ ಸಂತರು ಏನು ಮಾಡಿದರು, ಯಾತಕ್ಕಾಗಿ ಪ್ರಾಣ ಕೊಟ್ಟರು ಎಂಬುದನ್ನೂ ತಿಳಿದಿರಬೇಕು.

ಸೇವೆ

ಲಾರೆನ್ಸರು 3ನೇ ಶತಮಾನದಲ್ಲಿ ರೋಮ್ ಧರ್ಮಸಭೆಯ ಉಪಯಾಜಕರಾಗಿದ್ದರು, ಅಂದರೆ ಡೀಕನ್ ಆಗಿದ್ದರು. ಧರ್ಮಸಭೆಯ ನಿಧಿಯನ್ನು ಕಾಯುವುದು, ಅದನ್ನು ಬಡವರಿಗೆ ಹಂಚುವುದು ಉಪಯಾಜಕರ ಹೊಣೆಯಾಗಿತ್ತು. ಈ ಹೊಣೆ ಎಷ್ಟು ದೊಡ್ಡದೆಂಬುದು ಪೋಪ್ ಕೊರ್ನೇಲಿಯುಸ್ 251ರ ಸುಮಾರಿಗೆ ಬರೆದ ಪತ್ರದಿಂದ ತಿಳಿಯುತ್ತದೆ. ಆಗ ರೋಮಿನಲ್ಲಿ 46 ಗುರುಗಳೂ 7 ಉಪಯಾಜಕರೂ ಇದ್ದರು. ಧರ್ಮಸಭೆಯ ಆಸರೆಯಲ್ಲಿದ್ದ ವಿಧವೆಯರು ಮತ್ತು ದಿಕ್ಕಿಲ್ಲದವರು 1,500ಕ್ಕಿಂತ ಹೆಚ್ಚು.

ರಕ್ತಸಾಕ್ಷ್ಯ

258ರಲ್ಲಿ ಚಕ್ರವರ್ತಿ ವಲೇರಿಯನ್, ಬಿಷಪರು, ಗುರುಗಳು ಮತ್ತು ಉಪಯಾಜಕರನ್ನು ತಕ್ಷಣ ಕೊಲ್ಲಬೇಕೆಂದು ಆಜ್ಞೆ ಹೊರಡಿಸಿದ. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ತುಸ್ ಅವರನ್ನು ಕ್ರೈಸ್ತರ ಸಮಾಧಿ ಸ್ಥಳದಲ್ಲೇ ಕೊಲ್ಲಲಾಯಿತು. ನಾಲ್ಕು ದಿನಗಳ ಬಳಿಕ ಲಾರೆನ್ಸರೂ ಪ್ರಾಣ ತೆತ್ತರು.

ಸುಮಾರು 130 ವರ್ಷಗಳ ನಂತರ ಮಿಲಾನಿನ ಬಿಷಪ್ ಸಂತ ಅಂಬ್ರೋಸರು ಬರೆದಿರುವಂತೆ, ಧರ್ಮಸಭೆಯ ಭಂಡಾರವನ್ನು ಒಪ್ಪಿಸಬೇಕೆಂದು ಕೇಳಿದಾಗ ಲಾರೆನ್ಸರು ಬಡವರನ್ನು ಕರೆತಂದು, ಇವರೇ ನಮ್ಮ ಭಂಡಾರವೆಂದು ತೋರಿಸಿದರು. ಅವರನ್ನು ಕಾದ ಕಬ್ಬಿಣದ ಸಲಾಕೆಗಳ ಮೇಲೆ ಸುಟ್ಟು ಕೊಂದರೆಂಬುದು ಪರಂಪರೆ. ಚಿತ್ರಗಳಲ್ಲಿ, ಪ್ರತಿಮೆಗಳಲ್ಲಿ ಅವರ ಕೈಯಲ್ಲಿ ಸಲಾಕೆಗಳ ಚೌಕಟ್ಟು ಇರುವುದು ಇದೇ ಕಾರಣಕ್ಕೆ. ಆದರೆ ಸಿಕ್ಸ್ತುಸ್ ಅವರಂತೆ ಇವರನ್ನೂ ಖಡ್ಗದಿಂದಲೇ ಕೊಂದಿರಬೇಕು ಎಂದು ಹಲವು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ.

ಹಾಗಾದರೆ ನಮ್ಮ ಭಕ್ತಿಗೆ ಆಧಾರವಿಲ್ಲವೇ? ಖಂಡಿತ ಇದೆ. 354ರ ರೋಮಿನ ರಕ್ತಸಾಕ್ಷಿಗಳ ಪಟ್ಟಿಯಲ್ಲಿ ಆಗಸ್ಟ್ 10ರಂದು, ತಿಬುರ್ತೀನಾ ರಸ್ತೆಯಲ್ಲಿ ಅವರ ಸ್ಮರಣೆ ದಾಖಲಾಗಿದೆ. ಅದೇ ರಸ್ತೆಯಲ್ಲಿ ಅವರ ಸಮಾಧಿಯ ಮೇಲೆ ಇಂದಿಗೂ ಬಸಿಲಿಕಾ ಇದೆ. ಬಲಿಪೂಜೆಯ ಮೊದಲನೇ ಪರಮಪ್ರಸಾದ ಪ್ರಾರ್ಥನೆಯಲ್ಲಿ ಅವರ ಹೆಸರಿದೆ. ಸಾವಿನ ವಿವರಗಳಲ್ಲಿ ಭಿನ್ನಾಭಿಪ್ರಾಯವಿರಬಹುದು. ಆದರೆ ಆ 1,500 ಮಂದಿ ಬಡವರು ಕಟ್ಟುಕಥೆಯಲ್ಲ. ಲಾರೆನ್ಸರು ತೋರಿಸಿದ ಭಂಡಾರ ನಿಜವಾಗಿಯೂ ಇತ್ತು.

ನಮಗೊಂದು ಪ್ರಶ್ನೆ

ಹಬ್ಬದ ದಿನದ ಮೊದಲ ವಾಚನ ಕೊರಿಂಥಿಯರಿಗೆ ಬರೆದ ಎರಡನೇ ಪತ್ರದ 9ನೇ ಅಧ್ಯಾಯದಿಂದ ಬರುತ್ತದೆ. ಅದರ ವಿಷಯ ಸಂತೋಷದಿಂದ ಕೊಡುವುದು. ನಮ್ಮ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳಲ್ಲಿ ವಾರ್ಷಿಕ ಲೆಕ್ಕಪತ್ರ ಮಂಡಿಸುವಾಗ ದೀಪಾಲಂಕಾರ, ಧ್ವನಿವರ್ಧಕ, ಕಟ್ಟಡಗಳ ಖರ್ಚನ್ನು ಪೈಸೆ ಪೈಸೆಯಾಗಿ ಓದುತ್ತೇವೆ. ಬಡವರಿಗೆ ಕೊಟ್ಟದ್ದು ಎಷ್ಟನೇ ಸಾಲಿನಲ್ಲಿದೆ? ಈ ಮಾತನ್ನು ಗುರುಗಳಾದ ನಾವು ಮೊದಲು ನಮಗೇ ಹೇಳಿಕೊಳ್ಳಬೇಕು. ನಮ್ಮ ಭಂಡಾರ ಎಲ್ಲಿದೆ ಎಂದು ನಾಳೆ ಯಾರಾದರೂ ಕೇಳಿದರೆ, ಕೈಹಿಡಿದು ಕರೆತಂದು ತೋರಿಸಲು ನಮಗೆ ಬಡವರ ಹೆಸರಾದರೂ ಗೊತ್ತಿರಲಿ.

ಸಂತ ಲಾರೆನ್ಸರೇ, ನಮಗಾಗಿ ಪ್ರಾರ್ಥಿಸಿರಿ.