ಜಿಗಿಯುತ್ತಿದ್ದ ಪುಟ ಜಾರಲು ಕಲಿತದ್ದು

ಪತ್ರಿಕೆ ಓದುವಾಗ ಹಾಳೆ ನಿಂತಿರುತ್ತದೆ, ಕಣ್ಣು ಚಲಿಸುತ್ತದೆ. ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಓದುವಾಗ ಇದು ತಿರುಗುಮುರುಗು. ಪರದೆ ಚಿಕ್ಕದು, ಬರಹ ಉದ್ದ. ಆದ್ದರಿಂದ ಬರಹವೇ ಮೇಲಕ್ಕೆ ಸರಿಯಬೇಕು. ಹಾಗೆ ಸರಿಯುವಾಗ ಓದುತ್ತಿದ್ದ ಸಾಲು ಎಲ್ಲಿ ಹೋಯಿತೆಂದು ಕಣ್ಣು ತಡಕಾಡಬಾರದು. ಕೇಳಲು ಇದು ಸಣ್ಣ ಸಂಗತಿ. ಆದರೆ ಅಂತರಜಾಲದ ಮುಖ್ಯ ಬ್ರೌಸರುಗಳಿಗೆಲ್ಲ ಇದು ಒಗ್ಗಲು ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಇಂಗ್ಲಿಷಿನಲ್ಲಿ ಇದಕ್ಕೆ ‘ಸ್ಮೂತ್ ಸ್ಕ್ರಾಲಿಂಗ್’ ಎನ್ನುತ್ತಾರೆ.

ಪುಟ ಸರಿಯುವ ಕ್ರಮ ಬ್ರೌಸರಿಗಿಂತ ಹಳೆಯದು. ಮೊದಲಿಗೆ ಕಂಪ್ಯೂಟರಿನ ಉತ್ತರ ಟೆಲಿಟೈಪ್ ಯಂತ್ರದ ಕಾಗದದ ಸುರುಳಿಯ ಮೇಲೆ ಅಚ್ಚಾಗುತ್ತಿತ್ತು. ಒಂದು ಸಾಲು ಮುಗಿದರೆ ಕಾಗದ ಒಂದು ಸಾಲಿನಷ್ಟು ಮೇಲೇರುತ್ತಿತ್ತು. ಕಾಗದದ ಜಾಗಕ್ಕೆ ಗಾಜಿನ ಪರದೆ ಬಂದಾಗಲೂ ಪದ್ಧತಿ ಅದೇ ಉಳಿಯಿತು. ವ್ಯತ್ಯಾಸ ಇಷ್ಟೆ: ಕಾಗದ ಮೇಲೇರುವುದು ಕಣ್ಣಿಗೆ ಕಾಣುತ್ತಿತ್ತು, ಪರದೆಯ ಮೇಲಿನ ಅಕ್ಷರಗಳು ಮಾತ್ರ ಒಮ್ಮೆಲೇ ಒಂದು ಸಾಲು ಮೇಲಕ್ಕೆ ಜಿಗಿಯುತ್ತಿದ್ದವು. ಸಾಲುಗಳು ಒಂದರ ಹಿಂದೊಂದು ಬರತೊಡಗಿದರೆ ಓದುವುದು ಅಸಾಧ್ಯವಾಗುತ್ತಿತ್ತು.

ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1978ರಲ್ಲಿ ಹೊರತಂದ ವಿಟಿ100 ಎಂಬ ಟರ್ಮಿನಲ್ ಇದಕ್ಕೊಂದು ಉಪಾಯ ಹೂಡಿತು. ಅದರ ಪರದೆಯಲ್ಲಿ 24 ಸಾಲುಗಳಿದ್ದವು. ಪ್ರತಿ ಸಾಲು 10 ತೆಳುವಾದ ಬೆಳಕಿನ ಗೆರೆಗಳಿಂದ ಕೂಡಿತ್ತು. ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಹೊಸದಾಗಿ ಮೂಡುತ್ತಿತ್ತು. ಪ್ರತಿ ಸಲವೂ ಬರಹವನ್ನು ಒಂದೇ ಒಂದು ಗೆರೆಯಷ್ಟು ಮೇಲಕ್ಕೆ ಸರಿಸಿದರೆ, ಸೆಕೆಂಡಿಗೆ 6 ಸಾಲು ನೀರು ಹರಿದಂತೆ ಹರಿದು ಹೋಗುತ್ತವೆ. ಆದರೆ ನಯಕ್ಕೆ ಬೆಲೆ ತೆರಬೇಕಿತ್ತು. ಕಂಪ್ಯೂಟರು ಅದಕ್ಕಿಂತ ವೇಗವಾಗಿ ಅಕ್ಷರ ಕಳಿಸಿದರೆ ಟರ್ಮಿನಲ್ಲು ಅದಕ್ಕೆ ‘ತಡೆ’ ಎಂದು ಸಂಕೇತ ಕೊಡಬೇಕಾಗುತ್ತಿತ್ತು. ಅವಸರದವರು ಹಳೆಯ ಜಿಗಿತವನ್ನೇ ಇಟ್ಟುಕೊಳ್ಳಬಹುದಿತ್ತು. ಜಿಗಿತವೋ ಜಾರಿಕೆಯೋ ಎಂಬ ಆಯ್ಕೆ ಬಳಸುವವರ ಕೈಯಲ್ಲಿತ್ತು.

1990ರ ದಶಕದ ಆರಂಭದಲ್ಲಿ ಅಂತರಜಾಲದ ಪುಟಗಳು ಬಂದವು. ಈ ಪುಟಕ್ಕೆ ಗೊತ್ತಾದ ಉದ್ದವೆಂಬುದಿಲ್ಲ. ಓದುಗ ಪರದೆಯ ಅಂಚಿನ ಪಟ್ಟಿಯನ್ನು ಒತ್ತಿ ಒತ್ತಿ ಕೆಳಗಿಳಿಯಬೇಕಿತ್ತು. 1996ರಲ್ಲಿ ಮೈಕ್ರೋಸಾಫ್ಟಿನ ಇಂಟೆಲಿಮೌಸ್ ಬಂದ ಮೇಲೆ ಬೆರಳಿನಿಂದ ತಿರುಗಿಸುವ ಪುಟ್ಟ ಚಕ್ರ ಮನೆಮಾತಾಯಿತು. ಕೈಗೆ ಸುಖವಾಯಿತು, ಕಣ್ಣಿಗೆ ಆಗಲಿಲ್ಲ. ಚಕ್ರದ ಒಂದು ಹಲ್ಲು ತಿರುಗಿದರೆ ಸಾಮಾನ್ಯವಾಗಿ ಮೂರು ಸಾಲು ಒಟ್ಟಿಗೇ ಮೇಲೇರುತ್ತಿದ್ದವು. ಪ್ರತಿ ಜಿಗಿತಕ್ಕೂ ಓದುಗ ತನ್ನ ಸಾಲನ್ನು ಮತ್ತೆ ಹುಡುಕಬೇಕಾಗುತ್ತಿತ್ತು.

ವಿಟಿ100 ಮಾಡಿದ್ದನ್ನು ಬ್ರೌಸರು ಏಕೆ ಸುಲಭವಾಗಿ ಮಾಡಲಾಗಲಿಲ್ಲ? ಟರ್ಮಿನಲ್ಲಿನ ಪರದೆಯಲ್ಲಿ ಇದ್ದದ್ದು ಬರೀ ಅಕ್ಷರ. ಬ್ರೌಸರಿನ ಪುಟದಲ್ಲಿ ಚಿತ್ರ, ಬಣ್ಣ, ಕೋಷ್ಟಕ, ಬಗೆಬಗೆಯ ಅಕ್ಷರವಿನ್ಯಾಸ ಎಲ್ಲ ಇರುತ್ತವೆ. ಇವನ್ನು ಲೆಕ್ಕ ಹಾಕಿ ಪರದೆಯ ಮೇಲೆ ಬಿಡಿಸುವ ಭಾಗಕ್ಕೆ ಬ್ರೌಸರಿನ ಎಂಜಿನ್ ಎಂದು ಹೆಸರು. ಚಲನೆ ನಯವಾಗಿ ಕಾಣಬೇಕಾದರೆ ಎಂಜಿನ್ನು ಸೆಕೆಂಡಿನ ಅರವತ್ತನೇ ಒಂದು ಭಾಗದೊಳಗೆ ಪುಟವನ್ನು ಹೊಸ ಜಾಗದಲ್ಲಿ ತೋರಿಸಬೇಕು, ಮತ್ತೆ ಮತ್ತೆ ತೋರಿಸುತ್ತಲೇ ಇರಬೇಕು. ಒಂದು ಸಲ ತಪ್ಪಿದರೂ ಪುಟ ತಡವರಿಸುತ್ತದೆ. ತಡವರಿಸುವ ಚಲನೆಗಿಂತ ನೇರ ಜಿಗಿತವೇ ಮೇಲು. ಹೀಗಾಗಿ ಹಲವು ವರ್ಷ ಈ ಸೌಲಭ್ಯ ಬ್ರೌಸರಿನ ಆಯ್ಕೆಗಳ ಪಟ್ಟಿಯಲ್ಲಿ ಮೂಲೆ ಹಿಡಿದು ಕುಳಿತಿತ್ತು. ಫೈರ್‌ಫಾಕ್ಸ್ ಅದನ್ನು ಎಲ್ಲರಿಗೂ ತಾನಾಗಿ ಸಿಗುವಂತೆ ಮಾಡಿದ್ದು 2012ರಲ್ಲಿ, ತನ್ನ 13ನೇ ಆವೃತ್ತಿಯಲ್ಲಿ. 2008ರಲ್ಲಿ ಹುಟ್ಟಿದ ಕ್ರೋಮ್ ಮಾಡಿದ್ದು 2016ರಲ್ಲಿ.

ಅಷ್ಟರೊಳಗೆ ಜನರ ನಿರೀಕ್ಷೆಯೇ ಬದಲಾಗಿತ್ತು. ಅದಕ್ಕೆ ಕಾರಣ 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ತೋರಿಸಿದ ಐಫೋನ್. ಪರದೆಯ ಮೇಲೆ ಬೆರಳಾಡಿಸಿದರೆ ಪುಟ ಬೆರಳಿಗೆ ಅಂಟಿಕೊಂಡಂತೆ ಬರುತ್ತಿತ್ತು. ಬೆರಳೆತ್ತಿದರೆ ಸ್ವಲ್ಪ ದೂರ ಜಾರಿ ನಿಧಾನವಾಗಿ ನಿಲ್ಲುತ್ತಿತ್ತು. ಕೊನೆ ಮುಟ್ಟಿದರೆ ರಬ್ಬರಿನಂತೆ ಹಿಗ್ಗಿ ಹಿಂದಕ್ಕೆ ಬರುತ್ತಿತ್ತು. ಈ ರಬ್ಬರ್ ಗುಣವನ್ನು ರೂಪಿಸಿದವರು ಬಾಸ್ ಆರ್ಡಿಂಗ್ ಎಂಬ ವಿನ್ಯಾಸಕಾರ. ಆ ಕಾಲದ ಫೋನಿನ ಶಕ್ತಿ ಅಲ್ಪ. ಬೆರಳಿನ ವೇಗಕ್ಕೆ ಸರಿಯಾಗಿ ಪುಟ ಬಿಡಿಸಲು ಅದಕ್ಕೆ ಆಗುತ್ತಿರಲಿಲ್ಲ. ಆಗ ಪುಟ ನಿಲ್ಲುತ್ತಿರಲಿಲ್ಲ. ಇನ್ನೂ ಬಿಡಿಸದ ಭಾಗದಲ್ಲಿ ಚದುರಂಗದ ಹಾಸಿನಂಥ ಚೌಕಗಳು ಕಾಣಿಸಿಕೊಂಡು, ಕ್ಷಣದ ಬಳಿಕ ಬರಹ ಮೂಡುತ್ತಿತ್ತು. ಚಿತ್ರ ತಡವಾದರೂ ಸರಿ, ಕೈ ಹೇಳಿದ ಚಲನೆ ನಿಲ್ಲಬಾರದು ಎಂಬ ನಿರ್ಧಾರ ಅದರ ಹಿಂದಿತ್ತು.

ಮುಂದೆ ಕಂಪ್ಯೂಟರಿನ ಬ್ರೌಸರುಗಳೂ ಇದೇ ದಾರಿ ಹಿಡಿದವು. ಎಂಜಿನ್ನಿನ ಕೆಲಸವನ್ನು ಪಾಲು ಮಾಡಲಾಯಿತು. ಒಂದು ಪಾಲು ಪುಟವನ್ನು ಚೌಕ ಚೌಕವಾಗಿ ಮುಂಚೆಯೇ ಬಿಡಿಸಿಡುತ್ತದೆ. ಇನ್ನೊಂದು ಪಾಲಿಗೆ ಆ ಚೌಕಗಳನ್ನು ಸರಿಸುವುದಷ್ಟೇ ಕೆಲಸ. ಮೊದಲನೆಯದು ಬೇರೆ ಲೆಕ್ಕದಲ್ಲಿ ಮುಳುಗಿದ್ದರೂ ಎರಡನೆಯದು ಓದುಗನ ಕೈಗೆ ಓಗೊಡುತ್ತದೆ.

ಇಲ್ಲೊಂದು ಗಂಟಿತ್ತು. ಪುಟದೊಳಗೆ ಅದನ್ನು ರಚಿಸಿದವರು ಬರೆದಿಟ್ಟ ಪ್ರೋಗ್ರಾಮುಗಳೂ ಇರುತ್ತವೆ. ಬೆರಳು ಸರಿದಾಗ, ಚಕ್ರ ತಿರುಗಿದಾಗ ತಮಗೆ ಮೊದಲು ತಿಳಿಸಬೇಕೆಂದು ಅವು ಕೇಳಬಹುದು. ಬೇಕೆಂದರೆ ಆ ಚಲನೆಯನ್ನೇ ತಡೆಯಬಹುದು. ಅವು ಉತ್ತರ ಕೊಡುವ ತನಕ ಪುಟ ಕಾಯಬೇಕು. ಅವುಗಳಲ್ಲಿ ಹೆಚ್ಚಿನವು ತಡೆಯುವುದೇ ಇಲ್ಲ, ಸುಮ್ಮನೆ ಕಾಯಿಸುತ್ತವೆ. 2016ರಲ್ಲಿ ಕ್ರೋಮ್, ‘ತಿಳಿಸಿದರೆ ಸಾಕು, ನಾವು ತಡೆಯುವುದಿಲ್ಲ’ ಎಂದು ಪ್ರೋಗ್ರಾಮುಗಳು ಮೊದಲೇ ಮಾತು ಕೊಡುವ ಏರ್ಪಾಡು ತಂದಿತು. ಮರುವರ್ಷ, ಇಡೀ ಪುಟದ ಮಟ್ಟದಲ್ಲಿ ಬೆರಳ ಸ್ಪರ್ಶಕ್ಕೆ ಕಾದಿರುವ ಪ್ರೋಗ್ರಾಮುಗಳು ಬೇರೆ ಹೇಳದಿದ್ದರೆ ಆ ಮಾತು ಕೊಟ್ಟಂತೆಯೇ ಎಂದು ಭಾವಿಸತೊಡಗಿತು. ಇದರಿಂದ ಕೆಲವು ಹಳೆಯ ಪುಟಗಳು ಕೆಟ್ಟವು. ಪುಟ ಬರೆದವರ ಹಕ್ಕು ದೊಡ್ಡದೋ ಓದುವವರ ಬೆರಳು ದೊಡ್ಡದೋ ಎಂಬ ಪ್ರಶ್ನೆಗೆ ಬ್ರೌಸರು ಬೆರಳಿನ ಪರವಾಗಿ ತೀರ್ಪು ಕೊಟ್ಟಿತ್ತು.

ಪುಟ ಬರೆದವರಿಗೂ ಒಂದು ನ್ಯಾಯವಾದ ಬೇಡಿಕೆಯಿತ್ತು. ಪರಿವಿಡಿಯ ಒಂದು ಸಾಲನ್ನು ಒತ್ತಿದರೆ ಓದುಗ ಆ ಅಧ್ಯಾಯಕ್ಕೆ ಥಟ್ಟನೆ ಹೋಗಿ ಬೀಳುತ್ತಾನೆ. ಮೇಲಕ್ಕೆ ಬಂದೆನೋ ಕೆಳಕ್ಕೆ ಹೋದೆನೋ ಅವನಿಗೆ ತಿಳಿಯದು. ಅಲ್ಲಿಗೆ ನಯವಾಗಿ ಜಾರಿ ಹೋಗುವಂತೆ ಮಾಡಲು ಒಬ್ಬೊಬ್ಬರೂ ತಮಗೆ ತೋಚಿದ ಪ್ರೋಗ್ರಾಮು ಬರೆಯುತ್ತಿದ್ದರು. ಕೊನೆಗೆ ಪುಟದ ಅಲಂಕಾರದ ನಿಯಮಗಳಿಗೇ ಇದು ಸೇರಿ, ಒಂದೇ ಸಾಲಿನ ಸೂಚನೆ ಸಾಕೆಂದಾಯಿತು. ಇದನ್ನು ಫೈರ್‌ಫಾಕ್ಸ್ 2015ರಲ್ಲಿ, ಕ್ರೋಮ್ 2017ರಲ್ಲಿ, ಆಪಲ್‌ನ ಸಫಾರಿ 2022ರಲ್ಲಿ ಅಳವಡಿಸಿಕೊಂಡವು. ಎಷ್ಟು ವೇಗವಾಗಿ, ಎಷ್ಟು ಹೊತ್ತು ಜಾರಬೇಕೆಂಬುದನ್ನು ಮಾತ್ರ ಆ ನಿಯಮ ಪುಟ ಬರೆದವರಿಗೆ ಬಿಡಲಿಲ್ಲ, ಬ್ರೌಸರಿಗೆ ಬಿಟ್ಟಿತು.

ಹಾಗೆ ಬಿಟ್ಟದ್ದು ಒಳ್ಳೆಯದೇ ಆಯಿತು. ಏಕೆಂದರೆ ನಯವಾದ ಚಲನೆ ಎಲ್ಲರಿಗೂ ಹಿತವಲ್ಲ. ದೇಹದ ಸಮತೋಲ ಕಾಯುವ ಅಂಗ ಒಳಕಿವಿಯಲ್ಲಿದೆ. ದೇಹ ಕುಳಿತಲ್ಲೇ ಇದೆ ಎಂದು ಕಿವಿ ಹೇಳುತ್ತಿರುವಾಗ ಎದುರಿನ ದೃಶ್ಯ ಓಡುತ್ತಿದ್ದರೆ, ಕೆಲವರಿಗೆ ಬಸ್ಸಿನಲ್ಲಿ ಓದಿದಂತೆ ತಲೆಸುತ್ತು, ಓಕರಿಕೆ ಬರುತ್ತದೆ. 2013ರಲ್ಲಿ ಆಪಲ್ ತನ್ನ ಫೋನಿನ ಪರದೆಗೆ ಬಗೆಬಗೆಯ ಚಲನೆ ತುಂಬಿದಾಗ ಇಂಥ ದೂರುಗಳು ಬಂದವು. ಚಲನೆಯನ್ನು ಕಡಿಮೆ ಮಾಡಿಕೊಳ್ಳುವ ಆಯ್ಕೆಯನ್ನು ಫೋನಿನಲ್ಲಿ ಕೊಡಲಾಗಿತ್ತು. 2017ರಲ್ಲಿ ಸಫಾರಿ, ಓದುಗನ ಈ ಇಷ್ಟವನ್ನು ಪುಟಗಳೂ ಕೇಳಿ ತಿಳಿಯುವ ದಾರಿ ತೆರೆಯಿತು. ಉಳಿದ ಬ್ರೌಸರುಗಳೂ ಅದನ್ನು ಅನುಸರಿಸಿದವು.

ಹೀಗೆ ನಾಲ್ಕು ದಶಕ ಸುತ್ತಿ ಬಂದ ಮೇಲೆ ಎಂಜಿನಿಯರುಗಳು ತಲುಪಿದ್ದು ಹೊರಟ ಜಾಗಕ್ಕೇ. ಒಬ್ಬರ ಕಣ್ಣಿಗೆ ಜಾರಿಕೆ ಹಿತ, ಇನ್ನೊಬ್ಬರ ದೇಹಕ್ಕೆ ಜಿಗಿತವೇ ಕ್ಷೇಮ. ವಿಟಿ100ರ ಮುಂದೆ ಕುಳಿತವನಿಗೆ 1978ರಲ್ಲೇ ಇದ್ದ ಆ ಆಯ್ಕೆ ಈಗ ಜೇಬಿನಲ್ಲಿರುವ ಫೋನಿನಲ್ಲೂ ಇದೆ.